ಹೋದ ಪುಟ್ಟ, ಬಂದ ಪುಟ್ಟ: ಸೀಮ್ ಬೌಲಿಂಗ್ ಎದುರು ಇನ್ನಿಂಗ್ಸ್ ಕುಸಿಯುವುದು ಯಾಕೆ?

(ಬೆಂಗಳೂರಿನ ಬಡಾವಣೆಯೊಂದರ ಸಭಾಂಗಣದಲ್ಲಿ ಕ್ರಿಕೆಟ್ ಪ್ರಿಯರ ಮುಂದೆ ಆಡಿದ ಮಾತಿನ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2024ರ ಅಕ್ಟೋಬರ್ 17, ಗುರುವಾರ. ಆ ದಿನವನ್ನು ಇಲ್ಲಿ ಯಾರೂ ಮರೆತಿರಲಿಕ್ಕಿಲ್ಲ. ಕೆಲವರಂತೂ ಟಿಕೆಟ್ ತಗೊಂಡು ಚಿನ್ನಸ್ವಾಮಿ ಕ್ರೀಡಾಂಗಣದ ಒಳಗೇ ಕೂತಿದ್ದವರು. ಭಾರತ ನ್ಯೂಜಿಲೆಂಡ್ ಟೆಸ್ಟ್. ಬುಧವಾರ ಪೂರ್ತಿ ಮಳೆ, ಟಾಸ್ ಕೂಡ ಆಗಲಿಲ್ಲ. ಗುರುವಾರ ಬೆಳಿಗ್ಗೆ ಮೋಡ ಹಾಗೇ ಇತ್ತು. ರೋಹಿತ್ ಶರ್ಮಾ ಟಾಸ್ ಗೆದ್ದು ಬ್ಯಾಟಿಂಗ್ ಅಂದರು. ಊಟದ ಹೊತ್ತಿಗೆ ಆರು ವಿಕೆಟ್‌ಗೆ 34. ಆಮೇಲೆ 31.2 ಓವರ್‌ಗೆ 46ಕ್ಕೆ ಆಲೌಟ್. ಭಾರತ ತನ್ನ ನೆಲದಲ್ಲಿ ಆಡಿದ ಟೆಸ್ಟ್‌ಗಳಲ್ಲಿ ಇದಕ್ಕಿಂತ ಕಡಿಮೆ ಮೊತ್ತ ಇಲ್ಲ. ಭಾರತ ಬಿಡಿ, ಇಡೀ ಏಷ್ಯಾದಲ್ಲಿ ಆಡಿದ ಟೆಸ್ಟ್‌ಗಳಲ್ಲೇ ಯಾವ ತಂಡವೂ ಅದಕ್ಕೂ ಮುಂಚೆ ಅಷ್ಟು ಕಡಿಮೆಗೆ ಔಟಾಗಿರಲಿಲ್ಲ.

ಐದು ಜನ ಸೊನ್ನೆ ಸುತ್ತಿದರು. ಕೊಹ್ಲಿ, ಸರ್ಫರಾಜ್, ನಮ್ಮ ರಾಹುಲ್, ಜಡೇಜಾ, ಅಶ್ವಿನ್. ಪಂತ್ ಹೊಡೆದ 20 ರನ್ನೇ ಜಾಸ್ತಿ. ನ್ಯೂಜಿಲೆಂಡ್‌ನ ಮ್ಯಾಟ್ ಹೆನ್ರಿ 15 ರನ್‌ಗೆ ಐದು, ವಿಲ್ ಒ'ರೂರ್ಕ್ 22ಕ್ಕೆ ನಾಲ್ಕು. ನಮ್ಮ ಪತ್ರಿಕೆಗಳು ಇದನ್ನು ಪೆವಿಲಿಯನ್ ಪರೇಡ್ ಅಂತ ಬರೆಯುತ್ತವೆ. ನಮ್ಮ ಮನೆಗಳಲ್ಲಾದರೆ ಹೋದ ಪುಟ್ಟ ಬಂದ ಪುಟ್ಟ ಅನ್ನುತ್ತಾರೆ, ಅದೇ ಸರಿಯಾದ ವರ್ಣನೆ.

ಅವತ್ತು ಮಧ್ಯಾಹ್ನ ಎಲ್ಲಿ ನೋಡಿದರೂ ಒಂದೇ ಮಾತು. 'ಇವರಿಗೆ ಟೆಸ್ಟ್ ಆಡೋಕೆ ಬರಲ್ಲ. ಐಪಿಎಲ್ ಹಾಳು ಮಾಡ್ತು.' ಸಿಟ್ಟು ಬರೋದು ಸಹಜ. ಆದರೆ ಅದೇ ಹನ್ನೊಂದು ಜನ ಅದೇ ಪಂದ್ಯದಲ್ಲಿ, ಅದೇ ಪಿಚ್ ಮೇಲೆ, ಅದೇ ಬೌಲರ್‌ಗಳ ಎದುರು ಎರಡನೇ ಇನ್ನಿಂಗ್ಸ್‌ನಲ್ಲಿ 462 ಹೊಡೆದರು. ಸರ್ಫರಾಜ್ 150, ಪಂತ್ 99, ಕೊಹ್ಲಿ 70. ಗುರುವಾರ ಆಡೋಕೆ ಬಾರದವರು ಶನಿವಾರದ ಹೊತ್ತಿಗೆ ಕಲಿತುಬಿಟ್ಟರಾ?

ಇದೊಂದೇ ಪಂದ್ಯ ಅಂದುಕೊಳ್ಳಬೇಡಿ. 2020ರ ಅಡಿಲೇಡ್‌ನಲ್ಲಿ ಭಾರತ ಮೊದಲು 244, ಆಮೇಲೆ 36. 1974ರ ಲಾರ್ಡ್ಸ್‌ನಲ್ಲಿ ಮೊದಲು 302, ಫಾಲೋ ಆನ್ ಆಗಿ, ಅಂದರೆ ಹಿಂದೆ ಬಿದ್ದು ಕೂಡಲೇ ಮತ್ತೆ ಬ್ಯಾಟಿಂಗ್‌ಗೆ ಇಳಿದು, 42. 2011ರ ಕೇಪ್‌ಟೌನ್‌ನಲ್ಲಿ ಆಸ್ಟ್ರೇಲಿಯಾ ಮೊದಲು 284, ಆಮೇಲೆ 47. ಅದೇ ಜನ, ಅದೇ ವಾರ. ಹಾಗಾಗಿ 'ಆಡೋಕೆ ಬರಲ್ಲ' ಅನ್ನೋ ಉತ್ತರವನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಚೆಂಡಿನ ಹತ್ತಿರ ಹೋಗೋಣ.

ಟೆಸ್ಟ್ ಚೆಂಡಿನ ಹೊಲಿಗೆ, ಅಂದರೆ ಸೀಮ್, ನಿಮಗೆ ಗೊತ್ತು. ಆರು ಸಾಲು. ಇಂಗ್ಲೆಂಡಿನ ಡ್ಯೂಕ್ಸ್ ಮತ್ತು ಮೀರತ್‌ನ ಎಸ್‌ಜಿ ಚೆಂಡುಗಳಲ್ಲಿ ಆರೂ ಸಾಲನ್ನು ಕೈಯಲ್ಲೇ ಹೊಲಿಯುತ್ತಾರೆ. ಆಸ್ಟ್ರೇಲಿಯಾದ ಕೂಕಬುರ್ರಾದಲ್ಲಿ ನಡುವಿನ ಎರಡು ಸಾಲು ಮಾತ್ರ ಕೈಹೊಲಿಗೆ, ಉಳಿದದ್ದು ಮಶೀನು. ಅದಕ್ಕೇ ಕೂಕಬುರ್ರಾದ ಹೊಲಿಗೆ ಬೇಗ ಚಪ್ಪಟೆಯಾಗುತ್ತದೆ. ಈ ಹೊಲಿಗೆ ನೆಟ್ಟಗೆ ನಿಂತು ನೆಲಕ್ಕೆ ಬಡಿದರೆ, ಅಲ್ಲಿ ಸ್ವಲ್ಪ ಹುಲ್ಲೋ ತೇವವೋ ಇದ್ದರೆ, ಚೆಂಡು ಆಚೆಗೋ ಈಚೆಗೋ ತಿರುಗುತ್ತದೆ. ಸ್ವಿಂಗ್ ಬೇರೆ, ಸೀಮ್ ಬೇರೆ. ಸ್ವಿಂಗ್ ಗಾಳಿಯಲ್ಲೇ ಆಗುತ್ತದೆ, ಕಣ್ಣಿಗೆ ಕಾಣುತ್ತದೆ, ಒಳ್ಳೆ ಬ್ಯಾಟ್ಸ್‌ಮನ್ ಅದರ ಜತೆ ಹೊಂದಿಕೊಳ್ಳಬಹುದು. ಸೀಮ್ ಆಗೋದು ನೆಲಕ್ಕೆ ಬಿದ್ದ ಮೇಲೆ. ಅಲ್ಲೇ ಇರೋದು ತೊಂದರೆ.

ಸುಮ್ನೆ ಒಂದು ಲೆಕ್ಕ ಹಾಕೋಣ, ಬೋರ್ ಹೊಡೆಸಲ್ಲ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಒಳ್ಳೆ ಲೆಂಗ್ತ್‌ನಲ್ಲಿ, ಅಂದರೆ ಮುಂದೆ ಬರಲೋ ಹಿಂದೆ ಹೋಗಲೋ ಅಂತ ಬ್ಯಾಟ್ಸ್‌ಮನ್ ಅನುಮಾನಿಸುವ ಜಾಗದಲ್ಲಿ, ಬಿತ್ತು ಅನ್ನಿ. ಬಿದ್ದ ಜಾಗದಿಂದ ಬ್ಯಾಟಿಗೆ ಉಳಿಯೋದು ನಾಲ್ಕೂವರೆ ಮೀಟರ್ ಆಸುಪಾಸು. ನೆಲಕ್ಕೆ ಬಡಿದು ಸ್ವಲ್ಪ ವೇಗ ಕಳೆದುಕೊಂಡರೂ ಆ ದೂರಕ್ಕೆ ಅದು ತಗೊಳ್ಳೋದು ಸುಮಾರು 0.15 ಸೆಕೆಂಡ್. ಕಣ್ಣು ಹೊಸ ಚಲನೆಯನ್ನು ನೋಡಿ, ಮಿದುಳು ತಿಳಿದುಕೊಂಡು, ಕೈ ಅದಕ್ಕೆ ತಕ್ಕಂತೆ ತಿರುಗೋಕೆ 0.2 ಸೆಕೆಂಡ್‌ನಷ್ಟು ಬೇಕು. ಅಂದರೆ ಚೆಂಡು ತಿರುಗಿದ ಮೇಲೆ ಬ್ಯಾಟ್ಸ್‌ಮನ್‌ಗೆ ಮಾಡೋಕೆ ಏನೂ ಉಳಿದಿಲ್ಲ. ತೆಂಡುಲ್ಕರ್ ಆದರೂ ಅಷ್ಟೇ, ನಮ್ಮ ಬೀದಿ ಹುಡುಗನಾದರೂ ಅಷ್ಟೇ. 'ಕೊನೇ ಕ್ಷಣದವರೆಗೂ ಚೆಂಡು ನೋಡು' ಅಂತ ಕೋಚ್‌ಗಳು ಹೇಳುತ್ತಾರಲ್ಲ, ಹೇಳಲಿ, ಒಳ್ಳೇದೇ. ಆದರೆ ಆ ಕೊನೇ ಕ್ಷಣದಲ್ಲಿ ನೋಡಿದ್ದು ಕೈಗೆ ತಲುಪೋದರೊಳಗೆ ಚೆಂಡು ಕೀಪರ್ ಗ್ಲೌಸ್‌ನಲ್ಲಿರುತ್ತದೆ.

ಬ್ಯಾಟ್‌ನ ಗರಿಷ್ಠ ಅಗಲ 10.8 ಸೆಂಟಿಮೀಟರ್. ನಡುವಿನಿಂದ ಅಂಚಿಗೆ 5.4. ಚೆಂಡಿನ ನಡುವಿನಿಂದ ಅದರ ಅಂಚಿಗೆ 3.6ರಷ್ಟು. ಬ್ಯಾಟ್ಸ್‌ಮನ್ ಲೈನ್, ಅಂದರೆ ಚೆಂಡು ಬರುವ ದಾರಿ, ಸರಿಯಾಗಿ ಊಹಿಸಿ ಬ್ಯಾಟಿನ ನಡುಭಾಗವನ್ನೇ ತಂದಿದ್ದಾರೆ ಅನ್ನಿ. ಚೆಂಡು ನೆಲದಿಂದ ಅರ್ಧ ಡಿಗ್ರಿ ತಿರುಗಿದರೆ ನಾಲ್ಕೂವರೆ ಮೀಟರ್ ದಾಟುವಷ್ಟರಲ್ಲಿ 4 ಸೆಂಟಿಮೀಟರ್ ಸರಿದಿರುತ್ತದೆ. ಬ್ಯಾಟಿಗೇ ಬಡಿಯುತ್ತದೆ, ಏನೂ ಆಗಲ್ಲ. ಒಂದು ಡಿಗ್ರಿ ತಿರುಗಿದರೆ ಸುಮಾರು 8 ಸೆಂಟಿಮೀಟರ್. ಅಂಚು ಸವರಿಕೊಂಡು ಹೋಗುತ್ತದೆ. ಒಂದೂವರೆ ಡಿಗ್ರಿ ತಿರುಗಿದರೆ ಸುಮಾರು 12 ಸೆಂಟಿಮೀಟರ್. ಬ್ಯಾಟಿಗೆ ತಾಗುವುದೇ ಇಲ್ಲ, ಬೀಟ್. ಗಡಿಯಾರದ ನಿಮಿಷದ ಮುಳ್ಳು ಒಂದು ಡಿಗ್ರಿ ಸರಿಯೋಕೆ ಹತ್ತು ಸೆಕೆಂಡ್ ಸಾಕು. ಟೆಸ್ಟ್ ಪಂದ್ಯದ ಹಣೆಬರಹ ಅಷ್ಟು ಸಣ್ಣ ಅಳತೆಯಲ್ಲಿದೆ.

ಇದರ ಅರ್ಥ ಏನು ನೋಡಿ. ವಿಕೆಟ್ ತೆಗೆಯೋದು ಅತಿ ಹೆಚ್ಚು ತಿರುಗಿದ ಚೆಂಡಲ್ಲ, ಸರಿಯಾಗಿ ಬೇಕಾದಷ್ಟೇ ತಿರುಗಿದ ಚೆಂಡು. ಮಾರುದ್ದ ತಿರುಗಿದ ಚೆಂಡಿಗೆ ನಾವು ಟಿವಿ ಮುಂದೆ 'ಅಬ್ಬಾ' ಅನ್ನುತ್ತೇವೆ, ಬೌಲರ್ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾನೆ, ಬ್ಯಾಟ್ಸ್‌ಮನ್ ಉಳಿಯುತ್ತಾನೆ. ಮುಂದಿನ ಚೆಂಡು ಅದರ ಮುಕ್ಕಾಲು ಭಾಗ ತಿರುಗುತ್ತದೆ, ಕೀಪರ್ ಪಕ್ಕದ ಸ್ಲಿಪ್‌ನಲ್ಲಿ ಕ್ಯಾಚ್.

ಅಡಿಲೇಡ್‌ನ 36 ಇದಕ್ಕೆ ಒಳ್ಳೆಯ ಉದಾಹರಣೆ. ಡಿಸೆಂಬರ್ 19, ಶನಿವಾರ. ಪಿಂಕ್ ಬಾಲ್ ಟೆಸ್ಟ್. ನಮಗೆ 53 ರನ್ ಮುನ್ನಡೆ ಇತ್ತು, ಹಿಂದಿನ ಸಂಜೆ ಪೃಥ್ವಿ ಶಾ ಒಬ್ಬರೇ ಹೋಗಿದ್ದರು. ಒಂದು ವಿಕೆಟ್‌ಗೆ 9. ಮೊದಲು ನೈಟ್ ವಾಚ್‌ಮನ್ (ದಿನದ ಕೊನೆಗೆ ಒಳ್ಳೆ ಬ್ಯಾಟ್ಸ್‌ಮನ್ ಬದಲು ಕಳಿಸುವವರು) ಬುಮ್ರಾ ಹೋದರು, ತಂಡದ ಸ್ಕೋರ್ 15. ಆಮೇಲೆ ಪೂಜಾರ, 15. ಮಯಂಕ್, 15. ರಹಾನೆ, 15. ಸ್ಕೋರ್‌ಬೋರ್ಡ್‌ನಲ್ಲಿ ಒಂದು ಅಂಕಿ ನಿಂತೇ ಇತ್ತು, ಇನ್ನೊಂದು ಓಡುತ್ತಿತ್ತು. ಕೊಹ್ಲಿ ಗಲ್ಲಿಯಲ್ಲಿ ಗ್ರೀನ್ ಕೈಗೆ ಕೊಟ್ಟಾಗ ಆರು ವಿಕೆಟ್‌ಗೆ 19. ಕೊನೆಗೆ ಶಮಿಗೆ ಕೈಗೆ ಪೆಟ್ಟುಬಿದ್ದು ಇನ್ನಿಂಗ್ಸ್ ಮುಗಿಯಿತು. ಎರಡಂಕಿ ದಾಟಿದವರು ಒಬ್ಬರೂ ಇಲ್ಲ. ಜಾಸ್ತಿ ಹೊಡೆದವರು ನಮ್ಮ ಮಯಂಕ್ ಅಗರ್ವಾಲ್, 9 ರನ್. ಹೇಜಲ್‌ವುಡ್ ಐದು ಓವರ್ ಹಾಕಿ 8 ರನ್‌ಗೆ ಐದು ವಿಕೆಟ್, ಕಮಿನ್ಸ್ 21ಕ್ಕೆ ನಾಲ್ಕು.

ಅವತ್ತಿನ ಐದು ವಿಕೆಟ್ ಕೀಪರ್ ಟಿಮ್ ಪೇನ್ ಹಿಡಿದ ಕ್ಯಾಚ್‌ಗಳು. ಐದೂ ಒಂದೇ ಜಾತಿ. ಆಫ್ ಸ್ಟಂಪ್ ಮೇಲೋ, ಅದರ ಆಚೆ ಸ್ವಲ್ಪವೋ, ಆಡಲೇಬೇಕು ಅನಿಸುವ ಲೆಂಗ್ತ್. ಪೂಜಾರ ಮೊದಲ ಇನ್ನಿಂಗ್ಸ್‌ನಲ್ಲಿ 160 ಚೆಂಡು ಆಡಿ 43 ಹೊಡೆದಿದ್ದವರು. ಎರಡನೆಯದರಲ್ಲಿ ಎಂಟನೇ ಚೆಂಡಿಗೆ ಔಟ್. ಅವರಿಗೆ ಬಿದ್ದ ಆ ಚೆಂಡನ್ನು ಇನ್ನೊಂದು ದಿನ ಆಡಿದ್ದರೆ ಬೀಟ್ ಆಗಿ, ಬ್ಯಾಟ್ ಕೆಳಗಿಟ್ಟು, ಪಿಚ್ ಮೇಲೆ ಒಂದು ಕಸ ತೆಗೆದು ಮತ್ತೆ ನಿಲ್ಲುತ್ತಿದ್ದರು. ಅವತ್ತು ತಾಗಿತು. ಅಷ್ಟು ಮಟ್ಟಿಗೆ ಅದೃಷ್ಟ ಅನ್ನಿ, ತಪ್ಪಿಲ್ಲ.

ಆದರೆ ಎಲ್ಲಾ ಅದೃಷ್ಟದ ತಲೆಗೆ ಕಟ್ಟೋಕೂ ಆಗಲ್ಲ. ಲೈನ್ ತಪ್ಪಿದ ಮೇಲೆ ಬ್ಯಾಟ್ ಎಲ್ಲಿರುತ್ತದೆ ಅನ್ನೋದು ಆಟಗಾರನ ಕೈಯಲ್ಲೇ ಇದೆ. ಒಬ್ಬರು ತಾವು ಊಹಿಸಿದ ಲೈನ್‌ನಲ್ಲೇ ಬ್ಯಾಟ್ ಇಟ್ಟು, ಚೆಂಡು ಆಚೆ ಹೋದರೆ ಹೋಗಲಿ ಅಂತ ಬಿಡುತ್ತಾರೆ. ಇನ್ನೊಬ್ಬರ ಕೈ ಚೆಂಡಿನ ಹಿಂದೆ ಹೋಗುತ್ತದೆ. ಗಾಳಿಯಲ್ಲಿ ಒಂಚೂರು ಸ್ವಿಂಗ್ ಕಂಡರೂ ಸಾಕು, ಕೈ ಮುಂದಕ್ಕೆ ಚಾಚುತ್ತದೆ. ಒಂದೂವರೆ ಡಿಗ್ರಿ ತಿರುಗಿ ತಪ್ಪಿ ಹೋಗಬೇಕಿದ್ದ ಚೆಂಡನ್ನು ಹುಡುಕಿಕೊಂಡು ಹೋಗಿ ಅಂಚಿಗೆ ತಗಲಿಸಿಕೊಳ್ಳುತ್ತಾರೆ. ಈ ಕಾಯಿಲೆ ಒಳ್ಳೆ ಬ್ಯಾಟ್ಸ್‌ಮನ್‌ಗಳಲ್ಲೇ ಜಾಸ್ತಿ ಅಂತ ನನಗೆ ಅನಿಸುತ್ತದೆ. ಹತ್ತನೇ ನಂಬರಿನವರು ಅಷ್ಟು ಚೆನ್ನಾಗಿ ಹಿಂಬಾಲಿಸಲಾರರು, ಅದಕ್ಕೇ ಬೀಟ್ ಆಗಿ ಬದುಕುತ್ತಾರೆ.

ಇವತ್ತು ನಾನು ಹೇಳಬೇಕು ಅಂತ ಬಂದದ್ದು ಮುಖ್ಯವಾಗಿ ಇದು. ಸೀಮ್ ಆಡುವ ಕಲೆ ಅಂದರೆ ಬೀಟ್ ಆಗೋಕೆ ಒಪ್ಪಿಕೊಳ್ಳೋದು. ಕೊಹ್ಲಿಯವರನ್ನೇ ನೋಡಿ. 2014ರ ಇಂಗ್ಲೆಂಡ್ ಪ್ರವಾಸದಲ್ಲಿ ಹತ್ತು ಇನ್ನಿಂಗ್ಸ್‌ಗೆ 134 ರನ್, ಆ್ಯಂಡರ್ಸನ್‌ಗೆ ನಾಲ್ಕು ಸಲ ಔಟ್. 2018ರಲ್ಲಿ ಅಲ್ಲೇ ಐದು ಟೆಸ್ಟ್‌ಗೆ 593 ರನ್, ಆ್ಯಂಡರ್ಸನ್‌ಗೆ ಒಂದು ಸಲವೂ ಔಟಿಲ್ಲ. ಆ್ಯಂಡರ್ಸನ್ ಅಷ್ಟರಲ್ಲಿ ಕೆಟ್ಟ ಬೌಲರ್ ಆಗಿದ್ದರಾ? ಖಂಡಿತ ಇಲ್ಲ. ಎಜ್‌ಬಾಸ್ಟನ್‌ನಲ್ಲಿ ಆ ಮೊದಲ ಶತಕದ ದಿನ ಕೊಹ್ಲಿ ಎಷ್ಟು ಸಲ ಬೀಟ್ ಆದರು ಅಂತ ನೋಡಿದವರಿಗೆ ನೆನಪಿರುತ್ತದೆ. ಬೀಟ್ ಆದಾಗ ಕೈ ಮೈಗೆ ಹತ್ತಿರವೇ ಇತ್ತು. ಅವರು ಕೊಟ್ಟ ಕ್ಯಾಚನ್ನು ಇಂಗ್ಲೆಂಡಿನವರು ಸ್ಲಿಪ್‌ನಲ್ಲಿ ಬಿಟ್ಟದ್ದೂ ಉಂಟು, ಅದು ಬೇರೆ ಮಾತು.

ಇಲ್ಲಿಯವರೆಗೆ ಒಬ್ಬ ಬ್ಯಾಟ್ಸ್‌ಮನ್ ಔಟ್ ಆಗೋದರ ಬಗ್ಗೆ ಹೇಳಿದೆ. ಹತ್ತು ಜನ ಸಾಲಾಗಿ ಹೋಗೋದು ಬೇರೆ ಸಂಗತಿ.

ಸ್ಕೋರ್‌ಕಾರ್ಡ್‌ನ ಬೌಲಿಂಗ್ ಭಾಗವನ್ನು ಯಾರೂ ಸರಿಯಾಗಿ ನೋಡಲ್ಲ. 1974ರ ಲಾರ್ಡ್ಸ್. ಭಾರತದ ಇನ್ನಿಂಗ್ಸ್ ಮುಗಿದದ್ದು 17 ಓವರ್‌ನಲ್ಲಿ. ಜೆಫ್ ಆರ್ನಾಲ್ಡ್ ಎಂಟು, ಕ್ರಿಸ್ ಓಲ್ಡ್ ಎಂಟು, ಹೆಂಡ್ರಿಕ್ ಒಂದು. ಓಲ್ಡ್‌ಗೆ ಐದು ವಿಕೆಟ್, ಆರ್ನಾಲ್ಡ್‌ಗೆ ನಾಲ್ಕು. 2015ರ ಟ್ರೆಂಟ್‌ಬ್ರಿಜ್‌ನಲ್ಲಿ ಆಸ್ಟ್ರೇಲಿಯಾ 18.3 ಓವರ್‌ಗೆ 60. ಅದರಲ್ಲಿ ಸ್ಟುವರ್ಟ್ ಬ್ರಾಡ್ ಒಬ್ಬರೇ 9.3 ಓವರ್, 15 ರನ್‌ಗೆ ಎಂಟು ವಿಕೆಟ್. ಅವತ್ತು ಮೊದಲ ಐದು ವಿಕೆಟ್ ಬಿದ್ದದ್ದು 25 ಚೆಂಡುಗಳಲ್ಲಿ. ಇತರೆ ರನ್ 14, ಯಾವ ಬ್ಯಾಟ್ಸ್‌ಮನ್ ಹೊಡೆದದ್ದಕ್ಕಿಂತ ಅದೇ ಜಾಸ್ತಿ.

ಟೆಸ್ಟ್ ಕ್ರಿಕೆಟ್‌ನಲ್ಲಿ ಓಪನರ್‌ಗಳ ಕೆಲಸ ಏನು? ಹೊಸ ಚೆಂಡಿನ ಇಬ್ಬರು ಬೌಲರ್‌ಗಳಿಗೆ ದಣಿವು ಬರಿಸೋದು. ಆರೇಳು ಓವರ್ ಆದ ಮೇಲೆ ನಾಯಕ ಅವರನ್ನು ತೆಗೆಯಲೇಬೇಕು. ಮೂರನೆಯ, ನಾಲ್ಕನೆಯ ಬೌಲರ್ ಬರುತ್ತಾರೆ, ಹೊಲಿಗೆ ಸ್ವಲ್ಪ ಮೆತ್ತಗಾಗುತ್ತದೆ, ಎರಡು ಸ್ಲಿಪ್ ಕಡಿಮೆಯಾಗುತ್ತದೆ. ಕುಸಿತದಲ್ಲಿ ಇದ್ಯಾವುದೂ ಆಗೋದೇ ಇಲ್ಲ. ವಿಕೆಟ್ ಬಿದ್ದಾಗೆಲ್ಲ ಬೌಲರ್‌ಗೆ ಎರಡು ನಿಮಿಷ ವಿಶ್ರಾಂತಿ, ಜತೆಗೆ ಹೊಸ ಉತ್ಸಾಹ. ಏಳನೇ ನಂಬರಿನವರು ಬಂದಾಗಲೂ ಎದುರಿಗಿರೋದು ಅದೇ ಮೊದಲ ಸ್ಪೆಲ್ (ಬೌಲರ್ ಒಂದೇ ಸರದಿಯಲ್ಲಿ ಹಾಕುವ ಓವರ್‌ಗಳು), ಅದೇ ಬೌಲರ್, ಅದೇ ಗಟ್ಟಿ ಚೆಂಡು. ಐವತ್ತನೇ ಓವರ್‌ನಲ್ಲಿ ಸ್ಪಿನ್ನರ್ ಎದುರು ಬ್ಯಾಟಿಂಗ್‌ಗೆ ಇಳಿಯೋಕೆ ಅಂತ ತಂಡಕ್ಕೆ ಆರಿಸಿದವರನ್ನು ಹತ್ತನೇ ಓವರ್‌ನಲ್ಲಿ ಓಪನರ್ ಕೆಲಸಕ್ಕೆ ನಿಲ್ಲಿಸಿದ ಹಾಗೆ ಆಯ್ತು.

ಯಾರೇ ಆಗಲಿ, ಕ್ರೀಸಿಗೆ ಬಂದ ಮೊದಲ ಹದಿನೈದು ಇಪ್ಪತ್ತು ಚೆಂಡು ಕಷ್ಟವೇ. ಪಿಚ್‌ನ ವೇಗ ಗೊತ್ತಿರಲ್ಲ, ಪುಟಿತ ಗೊತ್ತಿರಲ್ಲ, ಕಾಲು ಇನ್ನೂ ಭಾರ. ಒಂದು ಜತೆಯಾಟ ನಡೆಯುತ್ತಿದ್ದರೆ ಹೊಸಬರಿಗೆ ಈ ಹೊತ್ತು ಸಿಗುತ್ತದೆ. ಎದುರಿನ ಕೊನೆಯಲ್ಲಿ ನಿಂತವರು ಐದು ಚೆಂಡು ಆಡಿಕೊಳ್ಳುತ್ತಾರೆ, ಓವರ್ ಮಧ್ಯೆ ಬಂದು 'ಒಳಗೆ ಬರ್ತಿದೆ, ಸ್ವಲ್ಪ ನಿಲ್ತಿದೆ' ಅಂತ ಹೇಳುತ್ತಾರೆ. ಎರಡೂ ಕಡೆ ಹೊಸಬರೇ ಇದ್ದರೆ ಯಾರು ಯಾರಿಗೆ ಏನು ಹೇಳೋದು?

ಬೆಂಗಳೂರಿನ 46ಕ್ಕೆ ವಾಪಸ್ ಬರೋಣ. ಪಿಚ್ ಮಳೆಗೆ ದಿನಗಟ್ಟಲೆ ಹೊದಿಕೆ ಕೆಳಗೆ ಇತ್ತು, ಕೆಳಗೆ ತೇವ. ಗಿಲ್‌ಗೆ ಕುತ್ತಿಗೆ ಹಿಡಿದಿತ್ತು, ಅದಕ್ಕೆ ಕೊಹ್ಲಿ ಮೂರನೇ ಕ್ರಮಾಂಕಕ್ಕೆ ಬಂದರು. ರೋಹಿತ್ ದೊಡ್ಡ ಡ್ರೈವ್‌ಗೆ ಹೋದರು. ಸೌದಿಯ ಚೆಂಡು ಒಳಗೆ ನುಗ್ಗಿ ಬ್ಯಾಟು ಪ್ಯಾಡಿನ ಸಂದಿಯಲ್ಲಿ ತೂರಿತು. 9 ರನ್‌ಗೆ ಒಂದು ವಿಕೆಟ್. ಕೊಹ್ಲಿ ಮುಂಗಾಲಿನ ಮೇಲೆ ಬಂದಿದ್ದರು. ಎತ್ತರದ ಒ'ರೂರ್ಕ್ ಹಾಕಿದ ಚೆಂಡು ಅಂದುಕೊಂಡದ್ದಕ್ಕಿಂತ ಮೇಲೆದ್ದು ಗ್ಲೌಸ್‌ಗೆ ತಾಗಿ ಲೆಗ್ ಗಲ್ಲಿಯಲ್ಲಿದ್ದ ಫಿಲಿಪ್ಸ್ ಕೈಗೆ ಹೋಯಿತು. 9ಕ್ಕೆ ಎರಡು. ಆಮೇಲೆ ಬಂದ ಸರ್ಫರಾಜ್ ಮೂರನೇ ಚೆಂಡನ್ನೇ ಎತ್ತಿ ಹೊಡೆಯಲು ಹೋದರು. ಮಿಡ್ ಆಫ್‌ನಲ್ಲಿ ಕಾನ್ವೆ ಹಾರಿ ಹಿಡಿದರು. 10ಕ್ಕೆ ಮೂರು.

ಈ ಮೂರು ವಿಕೆಟ್‌ಗಳನ್ನು ಒಂದೇ ತಕ್ಕಡಿಗೆ ಹಾಕಬಾರದು. ರೋಹಿತ್ ಅವರದು ಅವಸರ. ಕೊಹ್ಲಿಯವರದು ಒಳ್ಳೆ ಚೆಂಡು, ಯಾರಿಗೂ ಕಷ್ಟ. ಸರ್ಫರಾಜ್ ಅವರದು ಗಾಬರಿ. ಕುಸಿತದಲ್ಲಿ ಇದು ಮೂರೂ ಕಲೆತಿರುತ್ತದೆ. ಮೊದಲು ಒಂದು ತಪ್ಪು, ಆಮೇಲೆ ಒಂದು ಒಳ್ಳೆ ಚೆಂಡು, ಅದರ ಮೇಲೆ 'ಹೇಗೂ ಔಟ್ ಆಗ್ತೀನಿ, ಅದಕ್ಕೆ ಮುಂಚೆ ನಾಲ್ಕು ರನ್ ಹೊಡೆಯೋಣ' ಅನ್ನೋ ಯೋಚನೆ. ಈ ಕೊನೆಯದು ಸೋಂಕಿನ ಹಾಗೆ ಡ್ರೆಸ್ಸಿಂಗ್ ರೂಮಿನಲ್ಲಿ ಹರಡುತ್ತದೆ. ರಾಹುಲ್ ಲೆಗ್ ಕಡೆ ಹೋಗುತ್ತಿದ್ದ ಚೆಂಡನ್ನು ಸವರಿ ಕೀಪರ್‌ಗೆ ಕೊಟ್ಟರು. ತಮ್ಮದೇ ಊರಿನ ಮೈದಾನದಲ್ಲಿ, ಸೊನ್ನೆಗೆ. ಅದು ಸೀಮೂ ಅಲ್ಲ, ಸ್ವಿಂಗೂ ಅಲ್ಲ, ಸುಮ್ನೆ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ.

ಆ ಪಂದ್ಯದಲ್ಲಿ ಇನ್ನೊಂದು ಕುಸಿತವೂ ಆಯಿತು, ಅದನ್ನು ಯಾರೂ ನೆನಪಿಸಿಕೊಳ್ಳಲ್ಲ. ಎರಡನೇ ಇನ್ನಿಂಗ್ಸ್‌ನಲ್ಲಿ ಸರ್ಫರಾಜ್ ಮತ್ತು ಪಂತ್ ಆಡುತ್ತಿದ್ದಾಗ ಮೂರು ವಿಕೆಟ್‌ಗೆ 408 ಇತ್ತು. ನ್ಯೂಜಿಲೆಂಡ್ ಎರಡನೇ ಹೊಸ ಚೆಂಡು ತಗೊಂಡಿತು. ಕೊನೆಯ ಏಳು ವಿಕೆಟ್ 54 ರನ್‌ಗೆ ಹೋದವು. ಪಿಚ್ ಒಣಗಿತ್ತು, ಮೋಡ ಇರಲಿ ಬಿಡಲಿ, ಹೊಲಿಗೆ ಮತ್ತೆ ಎದ್ದು ನಿಂತದ್ದೊಂದೇ ಸಾಕಾಯಿತು. ಆ 54ರ ಬದಲು 150 ಬಂದಿದ್ದರೆ ನ್ಯೂಜಿಲೆಂಡ್‌ಗೆ 107ರ ಗುರಿ ಸಿಗುತ್ತಿರಲಿಲ್ಲ. 46 ನಮ್ಮನ್ನು ಸೋಲಿಸಿತು ಅನ್ನುತ್ತಾರೆ. ನನ್ನ ಪ್ರಕಾರ ಅರ್ಧ ಸೋಲು ಆ ಸಂಜೆಯದು.

ವೇಗ ಇಲ್ಲಿ ಮುಖ್ಯ ಅಂದುಕೊಳ್ಳಬೇಡಿ. ದಕ್ಷಿಣ ಆಫ್ರಿಕಾದ ವರ್ನನ್ ಫಿಲ್ಯಾಂಡರ್ 130ರ ಆಸುಪಾಸಿನಲ್ಲಿ ಹಾಕುತ್ತಿದ್ದವರು. 2011ರ ಕೇಪ್‌ಟೌನ್‌ನಲ್ಲಿ ಅವರ ಮೊದಲ ಟೆಸ್ಟ್, 15 ರನ್‌ಗೆ ಐದು. ಆಸ್ಟ್ರೇಲಿಯಾ ಒಂಬತ್ತಕ್ಕೆ 21 ಆಗಿತ್ತು. ಹನ್ನೊಂದನೇ ನಂಬರಿನ ನೇಥನ್ ಲಯನ್ 14 ಹೊಡೆದದ್ದೇ ದೊಡ್ಡ ಸ್ಕೋರ್. ಒಂದೇ ದಿನ 23 ವಿಕೆಟ್ ಬಿತ್ತು. ಅದೇ ಪಿಚ್ ಮೇಲೆ ದಕ್ಷಿಣ ಆಫ್ರಿಕಾ 236ರ ಗುರಿಯನ್ನು ಎರಡೇ ವಿಕೆಟ್ ಕಳೆದುಕೊಂಡು ಮುಟ್ಟಿತು. ಸ್ಮಿತ್, ಆಮ್ಲಾ ಇಬ್ಬರೂ ಶತಕ. ನಮ್ಮ ವೆಂಕಟೇಶ್ ಪ್ರಸಾದ್ ಅವರಿಗೂ ಎಂಥ ವೇಗ ಇತ್ತು ಹೇಳಿ? 1999ರ ಚೆನ್ನೈ ಟೆಸ್ಟ್‌ನಲ್ಲಿ ಪಾಕಿಸ್ತಾನ ನಾಲ್ಕಕ್ಕೆ 275 ಇದ್ದದ್ದು 286ಕ್ಕೆ ಆಲೌಟ್. ಪ್ರಸಾದ್ ಒಂದೂ ರನ್ ಕೊಡದೆ ಐದು ವಿಕೆಟ್ ತೆಗೆದರು. ಲೆಗ್ ಕಟರ್, ಅಂದರೆ ನೆಲಕ್ಕೆ ಬಿದ್ದು ಲೆಗ್ ಕಡೆಯಿಂದ ಆಫ್ ಕಡೆಗೆ ತಿರುಗುವ ಚೆಂಡು. ಚೆಪಾಕ್‌ನಲ್ಲಿ, ಜನವರಿ ಕೊನೆಯ ಬಿಸಿಲಲ್ಲಿ! ಪಂದ್ಯ ಸೋತದ್ದರಿಂದ ಆ ಸ್ಪೆಲ್ ಬಗ್ಗೆ ಯಾರೂ ಮಾತಾಡಲ್ಲ.

ಇನ್ನು 'ವಾಬಲ್ ಸೀಮ್'. ಹೊಲಿಗೆ ನೆಟ್ಟಗೆ ನಿಲ್ಲಿಸದೆ ಸ್ವಲ್ಪ ತೂಗಾಡುವ ಹಾಗೆ ಬಿಡೋದು. ಪಾಕಿಸ್ತಾನದ ಮೊಹಮ್ಮದ್ ಆಸಿಫ್ ಹಾಕೋದನ್ನು ನೋಡಿ ಕಲಿತದ್ದಾಗಿ ಆ್ಯಂಡರ್ಸನ್ ಹೇಳಿದ್ದಾರೆ. ಈಗ ಎಲ್ಲರೂ ಹಾಕುತ್ತಾರೆ. ಹೊಲಿಗೆ ಯಾವ ಬದಿಗೆ ಬೀಳುತ್ತದೆ ಅನ್ನೋದು ಹಾಕಿದವರಿಗೂ ಗೊತ್ತಿರಲ್ಲ. ಮೊದಲೆಲ್ಲ ಬ್ಯಾಟ್ಸ್‌ಮನ್ ಬೌಲರ್ ಮಣಿಕಟ್ಟು ನೋಡಿ, ಚೆಂಡಿನ ಹೊಳಪು ನೋಡಿ ಒಂದು ಅಂದಾಜು ಮಾಡುತ್ತಿದ್ದರು. ಬೌಲರ್‌ಗೇ ಗೊತ್ತಿಲ್ಲದ್ದನ್ನು ಓದೋದು ಹೇಗೆ?

ಪಿಚ್ಚೇ ತಪ್ಪಿತಸ್ಥ ಆದ ಪಂದ್ಯಗಳೂ ಇವೆ, ಇಲ್ಲ ಅನ್ನಲ್ಲ. 2024ರ ಜನವರಿಯ ಕೇಪ್‌ಟೌನ್. ಸಿರಾಜ್ 15 ರನ್‌ಗೆ ಆರು, ದಕ್ಷಿಣ ಆಫ್ರಿಕಾ 55. ಅದೇ ದಿನ ಭಾರತ ನಾಲ್ಕಕ್ಕೆ 153 ಇದ್ದದ್ದು 153ಕ್ಕೇ ಆಲೌಟ್. ಹನ್ನೊಂದು ಚೆಂಡಿನಲ್ಲಿ ಆರು ವಿಕೆಟ್, ರನ್ ಸೊನ್ನೆ. ಇಡೀ ಪಂದ್ಯ 642 ಚೆಂಡಿಗೆ ಮುಗಿಯಿತು. ಐಸಿಸಿ ಆ ಪಿಚ್‌ಗೆ 'ಅತೃಪ್ತಿಕರ' ಅಂತ ಅಂಕ ಕೊಟ್ಟಿತು. ಅಲ್ಲಿ ಮಾರ್ಕ್ರಮ್ 103 ಚೆಂಡಿಗೆ 106 ಹೊಡೆದರು. ಅಂಥ ಪಿಚ್‌ನಲ್ಲಿ ತಾಳ್ಮೆಯಿಂದ ಏನೂ ಪ್ರಯೋಜನ ಇಲ್ಲ, ಹೊಡೆಯೋದೇ ಸರಿ. ನಾನು ಇಷ್ಟು ಹೊತ್ತು ಹೇಳಿದ್ದು ಅಲ್ಲಿಗೆ ಅನ್ವಯಿಸಲ್ಲ.

ಉಳಿದ ಕಡೆ? 2002ರ ಲೀಡ್ಸ್ ಹೇಳದೆ ಮುಗಿಸೋಕಾಗಲ್ಲ. ಮೋಡ, ತೇವ, ಹಸಿರು, ಮತ್ತೆ ನಾವೇ ಟಾಸ್ ಗೆದ್ದು ಬ್ಯಾಟಿಂಗ್. ಸೆಹ್ವಾಗ್ ಬೇಗ ಹೋದರು. ಆಮೇಲೆ ಸಂಜಯ್ ಬಾಂಗರ್ ಮತ್ತು ದ್ರಾವಿಡ್ 170 ರನ್ ಜತೆಯಾಟ. ಬಾಂಗರ್ 68 ಹೊಡೆಯೋಕೆ 236 ಚೆಂಡು ತಗೊಂಡರು. ದ್ರಾವಿಡ್ 148. ದ್ರಾವಿಡ್ ಮೈಗೆ ಹೊಡೆತ ತಿಂದರು, ಬೀಟ್ ಆದರು, ಬಿಟ್ಟರು, ಮತ್ತೆ ಬಿಟ್ಟರು. ದಿನದ ಕೊನೆಗೆ ಎರಡಕ್ಕೆ 236. ಮರುದಿನ ತೆಂಡುಲ್ಕರ್ 193, ಗಂಗೂಲಿ 128. ಎಂಟಕ್ಕೆ 628 ಡಿಕ್ಲೇರ್, ಇನ್ನಿಂಗ್ಸ್ ಗೆಲುವು. ಹೈಲೈಟ್ಸ್‌ನಲ್ಲಿ ಗಂಗೂಲಿ ಸಿಕ್ಸರ್ ತೋರಿಸುತ್ತಾರೆ. ಬಾಂಗರ್ ಬಿಟ್ಟ ಚೆಂಡು ತೋರಿಸಲ್ಲ. ಅವರು ಹತ್ತು ಓವರ್‌ನಲ್ಲಿ ಹೋಗಿದ್ದರೆ ತೆಂಡುಲ್ಕರ್ ಮೊದಲ ಸ್ಪೆಲ್‌ಗೇ ಸಿಗುತ್ತಿದ್ದರು.

ಇನ್ನು ನಿಮ್ಮ ಪ್ರಶ್ನೆಗಳು.

ಪ್ರಶ್ನೆ: ಏನೇ ಹೇಳಿ ಸಾರ್, ಟಿ20 ಬಂದ ಮೇಲೆ ತಂತ್ರ ಕೆಟ್ಟಿದ್ದು ನಿಜ ಅಲ್ವಾ?

1955ರಲ್ಲಿ ಆಕ್ಲೆಂಡ್‌ನಲ್ಲಿ ನ್ಯೂಜಿಲೆಂಡ್ 26ಕ್ಕೆ ಆಲೌಟ್ ಆಯಿತು. ಇವತ್ತಿಗೂ ಅದೇ ಕನಿಷ್ಠ. 2025ರ ಜುಲೈನಲ್ಲಿ ಜಮೈಕಾದಲ್ಲಿ ವೆಸ್ಟ್ ಇಂಡೀಸ್ ಅದಕ್ಕಿಂತ ಒಂದೇ ರನ್ ಜಾಸ್ತಿ ಮಾಡಿತು, 27. 1955ರಲ್ಲಿ ಟಿ20 ಎಲ್ಲಿತ್ತು? 1996ರ ಡರ್ಬನ್‌ನಲ್ಲಿ ನಾವು 100 ಮತ್ತು 66. ಆ 66ರಲ್ಲಿ 27 ದ್ರಾವಿಡ್‌ದು, ಔಟಾಗದೆ. ಆದರೂ ನಿಮ್ಮ ಮಾತಲ್ಲಿ ಒಂದಂಶ ಇದೆ. ಟಿ20ಯ ಬಿಳಿ ಚೆಂಡು ಎರಡು ಮೂರು ಓವರ್ ಆದ ಮೇಲೆ ಅಷ್ಟಾಗಿ ಸೀಮ್ ಆಗಲ್ಲ. ಎರಡು ತಿಂಗಳು ಅದನ್ನೇ ಆಡಿದವರ ಕೈ ಗಟ್ಟಿಯಾಗಿ ಮುಂದಕ್ಕೆ ಹೋಗೋದು ಅಭ್ಯಾಸವಾಗುತ್ತದೆ. ಅದಕ್ಕಿಂತ ಜಾಸ್ತಿ ಹಾನಿ ಮನಸ್ಸಿಗೆ. ಟಿ20ಯಲ್ಲಿ ಬೀಟ್ ಆದರೆ ಒಂದು ಚೆಂಡು ನಷ್ಟ, ಅದು ಸೋಲು. ಟೆಸ್ಟ್‌ನಲ್ಲಿ ಬೀಟ್ ಆದರೆ ಒಂದು ಚೆಂಡು ಲಾಭ.

ಪ್ರಶ್ನೆ: ನಮ್ಮ ರಣಜಿ ಆಟಗಾರರು ಹಸಿರು ಪಿಚ್ ನೋಡೇ ಇರಲ್ಲ ಅಂತಾರಲ್ಲ?

ಯಾರು ಹೇಳಿದ್ದು? 2020ರ ರಣಜಿ ಸೆಮಿಫೈನಲ್ ನೆನಪು ಮಾಡ್ಕೊಳ್ಳಿ. ಈಡನ್ ಗಾರ್ಡನ್ಸ್‌ನಲ್ಲಿ ಬಂಗಾಳದ ಎದುರು ಕರ್ನಾಟಕ 122 ಮತ್ತು 177. ರಾಹುಲ್, ಮನೀಶ್ ಪಾಂಡೆ, ಕರುಣ್ ನಾಯರ್, ಪಡಿಕ್ಕಲ್ ಎಲ್ಲರೂ ಇದ್ದರು. ಇಶಾನ್ ಪೊರೆಲ್ ಮೊದಲ ಇನ್ನಿಂಗ್ಸ್‌ನಲ್ಲಿ ಐದು, ಮುಕೇಶ್ ಕುಮಾರ್ ಎರಡನೆಯದರಲ್ಲಿ ಆರು. ಹಸಿರು ನಮ್ಮಲ್ಲೂ ಬೇಕಾದಷ್ಟಿದೆ. ನಮ್ಮ ಸ್ಟಾರ್‌ಗಳಿಗೆ ಅದರ ಮೇಲೆ ವರ್ಷಕ್ಕೆ ಎಂಟು ಪಂದ್ಯ ಆಡೋಕೆ ಬಿಡುವಿಲ್ಲ, ಅಷ್ಟೇ.

ಪ್ರಶ್ನೆ (ಹದಿನೈದರ ಒಬ್ಬ ಹುಡುಗ): ಸಾರ್, ನೆಟ್ಸ್‌ನಲ್ಲಿ ಏನು ಪ್ರಾಕ್ಟೀಸ್ ಮಾಡಬೇಕು?

ಬಿಡೋದು. ನಗಬೇಡ, ನಿಜವಾಗಿಯೇ. ನೆಟ್ಸ್‌ನಲ್ಲಿ ನಿನಗೆ ಸಿಗೋದು ಹತ್ತು ನಿಮಿಷ, ಆ ಹತ್ತು ನಿಮಿಷದಲ್ಲಿ ಯಾರಿಗೆ ತಾನೇ ಚೆಂಡು ಬಿಡೋಕೆ ಮನಸ್ಸು ಬರುತ್ತೆ? ಎಲ್ಲರೂ ಎಲ್ಲದಕ್ಕೂ ಬ್ಯಾಟ್ ಬೀಸ್ತಾರೆ. ಅಲ್ಲಿ ಎಡ್ಜ್ ಆದರೆ ಬಲೆಗೆ ಹೋಗುತ್ತೆ, ಔಟ್ ಅಂತ ಯಾರೂ ಹೇಳಲ್ಲ. ಹಾಗಾಗಿ ಪಕ್ಕದಲ್ಲಿ ಒಬ್ಬ ಸ್ನೇಹಿತನನ್ನು ನಿಲ್ಲಿಸಿ ಎಡ್ಜ್ ಆದಾಗೆಲ್ಲ ಆಚೆ ಹೋಗು. ಹೊಸ ಚೆಂಡು ತಗೊಂಡು ಕೋಚ್ ಹತ್ತಿರದಿಂದ ಎಸೆಯಲಿ, ಆಫ್ ಸ್ಟಂಪ್ ಎಲ್ಲಿದೆ ಅಂತ ನಿನ್ನ ತಲೆ ಎಲ್ಲಿ ನಿಲ್ಲುತ್ತದೋ ಅದರಿಂದ ಗೊತ್ತು ಮಾಡ್ಕೋ. ತಲೆಯಿಂದ ಆಚೆ ಹೋಗುವ ಚೆಂಡು ನಿನ್ನದಲ್ಲ. ಟೇಪ್ ಸುತ್ತಿದ ಟೆನಿಸ್ ಬಾಲ್ ಆಡಿದರೆ ಸ್ವಿಂಗ್ ಕಲಿಬಹುದು, ಸೀಮ್ ಕಲಿಯೋಕಾಗಲ್ಲ, ಅದಕ್ಕೆ ಹೊಲಿಗೆಯೇ ಇಲ್ಲವಲ್ಲ.

ಪ್ರಶ್ನೆ (ಮುಂದಿನ ಸಾಲಿನ ಹಿರಿಯರು): ನಮ್ಮ ವಿಶಿ ಇದ್ದಿದ್ದರೆ 46 ಆಗ್ತಿರಲಿಲ್ಲ ಬಿಡಿ.

ಸಾರ್, 42 ಆದಾಗ ವಿಶ್ವನಾಥ್ ತಂಡದಲ್ಲೇ ಇದ್ದರು! ಲಾರ್ಡ್ಸ್‌ನಲ್ಲಿ ಮೊದಲ ಇನ್ನಿಂಗ್ಸ್‌ಗೆ 52 ಹೊಡೆದು, ಎರಡನೆಯದರಲ್ಲಿ ಆರ್ನಾಲ್ಡ್ ಚೆಂಡಿಗೆ ಕೀಪರ್ ನಾಟ್ ಕೈಗೆ ಕೊಟ್ಟರು, 5 ರನ್. ಅವತ್ತು ಸೋಲ್ಕರ್ ಬಿಟ್ಟು ಯಾರೂ ಎರಡಂಕಿ ಕಾಣಲಿಲ್ಲ. ಅದು 1974ರ ಜೂನ್. ಮರು ಜನವರಿಯಲ್ಲಿ ಚೆನ್ನೈನಲ್ಲಿ ಅದೇ ವಿಶ್ವನಾಥ್ ಆ್ಯಂಡಿ ರಾಬರ್ಟ್ಸ್ ಎದುರು ನಿಂತರು. ರಾಬರ್ಟ್ಸ್ ಆ ಇನ್ನಿಂಗ್ಸ್‌ನಲ್ಲಿ ಏಳು ವಿಕೆಟ್ ತೆಗೆದರು, ಭಾರತ ಮಾಡಿದ್ದು 190. ಅದರಲ್ಲಿ 97 ವಿಶ್ವನಾಥ್ ಅವರದು. ಚೆಂಡು ತಮ್ಮ ಪಕ್ಕಕ್ಕೆ ಬರುವವರೆಗೂ ಕಾದು, ಸ್ಲಿಪ್ ಮತ್ತು ಪಾಯಿಂಟ್ ನಡುವೆ ಕಟ್ ಮಾಡುತ್ತಿದ್ದರು. ಲಾರ್ಡ್ಸ್‌ನಲ್ಲಿ ಆ ಸಮಯ ಸಿಗಲಿಲ್ಲ, ಚೆನ್ನೈನಲ್ಲಿ ಸಿಕ್ಕಿತು. ಎದುರು ಕೊನೆಯಲ್ಲಿ ಬೇಡಿ ಸ್ವಲ್ಪ ಹೊತ್ತು ನಿಂತರು. ಶತಕಕ್ಕೆ ಮೂರು ರನ್ ಬಾಕಿ ಇದ್ದಾಗ ರಾಬರ್ಟ್ಸ್‌ಗೆ ಔಟಾದ ಹನ್ನೊಂದನೇ ಆಟಗಾರ ಯಾರು ಅಂತ ನಿಮಗೂ ಗೊತ್ತು, ನಮ್ಮವರೇ, ಬಿ.ಎಸ್. ಚಂದ್ರಶೇಖರ್. ಅವರನ್ನು ಬೈಯೋ ಹಾಗಿಲ್ಲ. ಭಾರತ ಆ ಟೆಸ್ಟನ್ನು 100 ರನ್‌ನಿಂದ ಗೆದ್ದಿತು.